ಲಿನ್‌ವಿಲ್‌ನಲ್ಲಿ ಒಂದು ರಾತ್ರಿ

ಜೂನ್ ಕೊನೆಗೆ ಸೈಕಲ್ಲಿಗೆ ಟೆಂಟ್ ಕಟ್ಟಿಕೊಂಡು ಹೊರಡುವುದು ಅಂತ ಗಟ್ಟಿಯಾಗಿದೆ. ನಾನು, ಜೊತೆಗೆ ಹಾಸನ ಬಿಟ್ಟು ಆಸ್ಟ್ರೇಲಿಯಾದ ಇಪ್ಸ್‌ವಿಚ್‌ಗೆ ಬಂದಿರುವ ನನ್ನ ಭಾವಮೈದ. ಹೋಗುವುದು ಬ್ರಿಸ್ಬೇನ್ ವ್ಯಾಲಿ ರೈಲ್ ಟ್ರೇಲ್‌ನಲ್ಲಿ. ವುಲ್ಕುರಾಕದಿಂದ ಯಾರಮನ್‌ವರೆಗೆ 161 ಕಿ.ಮೀ., ಹಳಿ ಕಿತ್ತ ಹಳೇ ರೈಲು ದಾರಿ. ನಾವು ಅಷ್ಟೂ ತುಳಿಯುವುದಿಲ್ಲ. ಎಸ್ಕ್‌ನಲ್ಲಿ ಕಾರು ಬಿಟ್ಟು ಲಿನ್‌ವಿಲ್‌ಗೆ ಹೋಗಿ ಮಲಗಿ, ಮರುದಿನ ವಾಪಸ್. ಒಂದು ಕಡೆಗೆ 50 ಕಿ.ಮೀ. ಆಸುಪಾಸು.

"ಭಾವ, ಕ್ವೀನ್ಸ್‌ಲ್ಯಾಂಡಲ್ಲಿ ಎಂಥ ಚಳಿ? ಒಂದು ಬೆಡ್‌ಶೀಟ್ ಸಾಕು ಬಿಡಿ" ಅಂತಾನೆ ಅವನು. ಜೂನ್ ಅಂದರೆ ಇಲ್ಲಿ ಚಳಿಗಾಲ. ಹಗಲು 20 ಡಿಗ್ರಿ ದಾಟುತ್ತದೆ, ನಿಜ. ಆದರೆ ಮೋಡವಿಲ್ಲದ ರಾತ್ರಿ ತಣ್ಣನೆ ಗಾಳಿ ಇಳಿದು ಕಣಿವೆಯ ತಗ್ಗಿನಲ್ಲೇ ಕೂರುತ್ತದೆ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಹಾಗಾಗಿ ಒಳ್ಳೆ ಸ್ಲೀಪಿಂಗ್ ಬ್ಯಾಗ್, ಕೆಳಗೆ ಹಾಸಲು ಮ್ಯಾಟ್. ಹೊಳೆ ಪಕ್ಕ ಟೆಂಟ್ ಹಾಕುವ ಆಸೆ ಬೇಡ, ಹಳೇ ಸ್ಟೇಷನ್ ಅಂಗಳವೇ ವಾಸಿ.

ಚಳಿ ಬೇಡ ಅಂದರೆ ಬೇಸಿಗೆಗೆ ಹೋಗಬಹುದಲ್ವಾ? ಡಿಸೆಂಬರ್‌ನಲ್ಲಿ ಬಿಸಿಲು ತಲೆ ಸುಡುತ್ತದೆ, ಸಂಜೆ ಗುಡುಗು ಮಳೆ. ಆಗಸ್ಟ್ ಬಂತೆಂದರೆ ಮರಿ ಕಾಯುವ ಮ್ಯಾಗ್‌ಪೈ ಹಕ್ಕಿಗಳು ಹೆಲ್ಮೆಟ್ಟಿಗೇ ಎರಗುತ್ತವೆ. ಜೂನ್‌ನಲ್ಲಿ ಚಳಿ ಬಿಟ್ಟರೆ ಕಷ್ಟ ಒಂದೇ, ಐದು ಗಂಟೆಗೆಲ್ಲ ಕತ್ತಲು. ಎಸ್ಕ್‌ನಿಂದ ಎಂಟಕ್ಕೆ ಹೊರಟು, ಎರಡರೊಳಗೆ ಲಿನ್‌ವಿಲ್‌ಗೆ ಮುಂಚೆ ಸಿಗುವ ಮೂರ್ (Moore) ಎಂಬ ಊರು ಮುಟ್ಟಬೇಕು.

ಉಗಿಬಂಡಿಗೆ ಮಾಡಿದ ದಾರಿಯಾದ್ದರಿಂದ ಏರು ಜಾಸ್ತಿ ಇಲ್ಲ. ಸೇತುವೆ ಹೋದ ಕಡೆ ಮಾತ್ರ ಹಳ್ಳಕ್ಕೆ ಥಟ್ಟನೆ ಇಳಿದು ಹತ್ತಬೇಕು. ಅದಕ್ಕೇ ಹ್ಯಾಂಡಲ್ ಮೇಲೆ ಭಾರ ಬೇಡ. ನೀರು ಸೈಕಲ್ ಚೌಕಟ್ಟಿನ ನಡುವೆ ಕಟ್ಟುವ ಫ್ರೇಮ್ ಬ್ಯಾಗಿನ ತಳಕ್ಕೆ, ಬಟ್ಟೆ ಸೀಟಿನ ಹಿಂದಕ್ಕೆ. ತಲೆಗೆ ಮೂರು ಲೀಟರ್. ದಾರಿಯಲ್ಲಿ ಸಿಗುವ ಟೂಗೂಲವಾ ಊರಲ್ಲಿ ಮತ್ತೆ ತುಂಬಿಸಿಕೊಂಡರಾಯಿತು. ದನ ಮೇಯುವ ಸೀಮೆ, ತೊರೆ ನೀರು ಕುಡಿಯುವ ಹಾಗಿಲ್ಲ.

1910ರ ಯಿಂಬುನ್ ಸುರಂಗ ದಾರಿಯಲ್ಲೇ ಸಿಗುತ್ತದೆ. ಒಳಗೆ ಬಾವಲಿಗಳಿವೆ, ಟಾರ್ಚ್ ಮೇಲಕ್ಕೆ ಬಿಡಬಾರದು ಅಂತ ಭಾವಮೈದನಿಗೆ ಈಗಲೇ ಹೇಳಿಟ್ಟಿದ್ದೇನೆ.

ಊಟಕ್ಕೆ ಗೊಜ್ಜವಲಕ್ಕಿ. ಅವಲಕ್ಕಿ ತರಿ, ಒಣಗಿಸಿದ ಹುಣಸೆ ಪುಡಿ, ಬೆಲ್ಲ, ಸಾರಿನ ಪುಡಿ, ಕಡಲೆಕಾಯಿ ಒಗ್ಗರಣೆ, ಎಲ್ಲ ಮನೆಯಲ್ಲೇ ಕಲಸಿ ಜಿಪ್ ಕವರಿಗೆ ಹಾಕುವುದು. ಅಲ್ಲಿ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮುಗಿಯಿತು. ಒಲೆ, ಗ್ಯಾಸು, ಪಾತ್ರೆ ಯಾವುದೂ ಬೇಡ. ಕೆಂಪು ಚೀಲದಲ್ಲಿ ಮಾರುವ ಒಣ ಪಾಸ್ತಾ ಊಟಕ್ಕಿಂತ ಸಾವಿರ ಪಾಲು ಮೇಲು. ಭಾವಮೈದ ಮಾತ್ರ ಕಾಫಿಗಾದರೂ ಒಂದು ಪುಟ್ಟ ಒಲೆ ಇರಲಿ ಅಂತ ಹಟ ಹಿಡಿದಿದ್ದಾನೆ. ತಂದರೆ ಅವನೇ ಹೊರಲಿ.