ಸೂಟ್‌ಕೇಸಲ್ಲಿ ಗ್ರೌಂಡ್ ಸ್ಟೇಷನ್, ತೋಟದಲ್ಲಿ ಅಪ್ಪ

ಮೊದಲ ಸಲ ಅಪ್ಪನಿಗೆ ಎಫ್‌ಪಿವಿ ಗಾಗಲ್ಸ್, ಅಂದ್ರೆ ಡ್ರೋನಿನ ಕ್ಯಾಮೆರಾಗೆ ಕಾಣೋದನ್ನ ಕಣ್ಣೆದುರಿಗೇ ತೋರಿಸೋ ಗಾಗಲ್ಸ್ ಹಾಕಿಸಿದಾಗ ಅರ್ಧ ನಿಮಿಷಕ್ಕೇ ತೆಗೆದು ಕೈಗೆ ಕೊಟ್ರು. ತಲೆ ಗಿರ್ ಅಂತಿದೆ ಕಣಪ್ಪ, ಬೇಡ ನಂಗೆ ಅಂದ್ರು. ಅವರ ಕನ್ನಡಕ ಅದರೊಳಗೆ ಹಿಡಿಯಲ್ಲ, ಕನ್ನಡಕ ತೆಗೆದ್ರೆ ಚಿತ್ರ ಪೂರ್ತಿ ಮಂಜು. ಹಂಗಾಗಿ ನಾನು ಹಾರಿಸೋದು, ಅವರು ಪಕ್ಕದಲ್ಲಿ ನಿಂತು ಏನ್ ಕಾಣ್ತಿದೆ ಏನ್ ಕಾಣ್ತಿದೆ ಅಂತ ಕೇಳೋದು, ನಾನು ಮರ ಕಾಣ್ತಿದೆ ಅನ್ನೋದು. ಯಾವ ಮರ? ಸುಳಿ ಹೆಂಗಿದೆ? ಅದು ನಂಗೆ ಹೇಳಕ್ಕೆ ಬರ್ತಿರಲಿಲ್ಲ. ನಾನು ಕೆಲಸಕ್ಕೆ ಅಂತ ಊರು ಬಿಟ್ಟು ಹದಿನೈದು ವರ್ಷ ಆಯ್ತು, ಮೇಲಿಂದ ನೋಡಿದ್ರೆ ನಂಗೆ ಎಲ್ಲಾ ತೆಂಗಿನ ಮರಾನೂ ಒಂದೇ ಥರ.

ನಮ್ಮೂರು ತಿಪಟೂರು ಕಡೆ. ನಾಲ್ಕು ಎಕರೆ ತೋಟ, ಅರ್ಧಕ್ಕರ್ಧ ಮರ ತಾತ ಇಟ್ಟಿದ್ದು, ಐವತ್ತು ಅಡಿ ಮೇಲೇನೇ ಇದಾವೆ. ಮರ ಹತ್ತೋರು ಈಗ ಕರೆದ ತಕ್ಷಣ ಸಿಗಲ್ಲ, ಕಾಯಿ ಎಲ್ಲಾ ದೋಟೀಲೇ ಇಳಿಸ್ತಾರೆ, ದೋಟೀಲಿ ಕಾಯಿ ಇಳಿಯುತ್ತೆ ಆದ್ರೆ ಸುಳಿ ಒಳಗೆ ಏನಾಗಿದೆ ಅಂತ ನೋಡೋಕಾಗಲ್ಲ. ಹೋದ ವರ್ಷ ಎರಡು ಒಳ್ಳೆ ಮರ ಸುಳಿ ಬಿದ್ದು ಹೋದ್ವು. ಅಪ್ಪ ಅದನ್ನ ಫೋನಲ್ಲಿ ಹೇಳುವಾಗ ಅವರ ದನಿ ಇಳಿದಿತ್ತು, ಅದು ನನ್ನ ಕಿವೀಲೇ ಉಳ್ಕೊಂಡಿತ್ತು. ಹಂಗಾಗಿ ಈ ಸಲ ಸಂಕ್ರಾಂತಿಗೆ ರಜ ಹಾಕೋಷ್ಟರಲ್ಲಿ ಒಂದು ಗ್ರೌಂಡ್ ಸ್ಟೇಷನ್ ಮಾಡ್ಲೇಬೇಕು, ಗಾಗಲ್ಸಲ್ಲಿ ನಂಗೆ ಕಾಣೋದೇ ಅಪ್ಪಂಗೂ ಒಂದು ಸ್ಕ್ರೀನಲ್ಲಿ ಕಾಣ್ಬೇಕು, ಎತ್ತಿಕೊಂಡು ತೋಟದಲ್ಲಿ ಎಲ್ಲಿ ಬೇಕಾದ್ರೂ ಇಡೋ ಹಂಗಿರ್ಬೇಕು ಅಂತ ತೀರ್ಮಾನ ಮಾಡಿದೆ.

ರೆಡಿಮೇಡ್ ಕ್ಯಾಮೆರಾ ಡ್ರೋನ್ ತಗೊಂಡು ಫೋನಲ್ಲೇ ತೋರಿಸಬಹುದಿತ್ತಲ್ಲ ಅಂತ ಆಫೀಸಲ್ಲಿ ಒಬ್ರು ಕೇಳಿದ್ರು. ತೋರಿಸಬಹುದು. ಆದ್ರೆ ನನ್ನ ಹತ್ರ ಇರೋದು ನಾನೇ ಕೂತು ಬೆಸುಗೆ ಹಾಕಿ ಕಟ್ಟಿದ ಮೂರಿಂಚಿನ ಕ್ವಾಡ್ (ನಾಲ್ಕು ಫ್ಯಾನಿನ ಡ್ರೋನ್), ಬ್ಯಾಟರಿ ಸೇರಿ 236 ಗ್ರಾಂ, ಅಂದ್ರೆ 2021ರ ಡ್ರೋನ್ ರೂಲ್ಸ್ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ವರ್ಗ. ಗರಿಗಳ ಮಧ್ಯೆ ನುಗ್ಗಿ ಸುಳಿ ಹತ್ರ ಹೋಗಿ ನಿಲ್ಲೋಕೆ ಇಂಥ ಚಿಕ್ಕದೇ ಬೇಕು. ಇದರ ವಿಡಿಯೋ ಅನಲಾಗ್. ಸಿಗ್ನಲ್ ಕಮ್ಮಿ ಆದ್ರೆ ಚಿತ್ರ ಫ್ರೀಜ್ ಆಗಿ ನಿಲ್ಲಲ್ಲ, ಮೊದಲು ಚುಕ್ಕಿ ಬರುತ್ತೆ, ಆಮೇಲೆ ಗೆರೆ, ಆಮೇಲೆ ಹೋಗುತ್ತೆ. ಹೋಗೋಕೆ ಮುಂಚೆ ಹೇಳಿ ಹೋಗುತ್ತೆ, ನಂಗೆ ಅದು ತುಂಬಾ ದೊಡ್ಡ ವಿಷಯ.

ಪೆಟ್ಟಿಗೆಗೆ ಅಂತ ಅಟ್ಟದ ಮೇಲಿದ್ದ ಅಪ್ಪನ ಹಳೇ ಸೂಟ್‌ಕೇಸನ್ನ ದಸರಾಕ್ಕೆ ಬಂದಾಗಲೇ ಬೆಂಗಳೂರಿಗೆ ತಂದಿದ್ದೆ. ಮುಚ್ಚಳದ ಒಳಗೆ ಮಾನಿಟರ್, ಕೆಳಗೆ ಬ್ಯಾಟರಿ, ಮಧ್ಯ ಫೋಮ್ ಕೊರೆದು ಗಾಗಲ್ಸಿಗೂ ರಿಮೋಟಿಗೂ ಜಾಗ. ಮೊದಲು ಕಾರ್ ಅಕ್ಸೆಸರೀಸ್ ಅಂಗಡೀಲಿ ಸಿಗೋ ಏಳಿಂಚಿನ ರಿವರ್ಸ್ ಕ್ಯಾಮೆರಾ ಮಾನಿಟರ್ ತಂದೆ, ಮನೇಲಿ ಚೆನ್ನಾಗೇ ಬಂತು, ಟೆರೇಸಿಗೆ ಹೋಗಿ ಟೆಸ್ಟ್ ಮಾಡಿದ್ರೆ ಸಿಗ್ನಲ್ ಸ್ವಲ್ಪ ಕಮ್ಮಿ ಆಗಿದ್ದೇ ತಡ ಇಡೀ ಸ್ಕ್ರೀನ್ ನೀಲಿ. ಕಾರಿಗೆ ಅದು ಸರಿ, ಹಾರಿಸೋನಿಗೆ ಅಪಾಯ, ಯಾಕಂದ್ರೆ ಹಾಳಾದ ಚಿತ್ರದಲ್ಲೂ ಕ್ವಾಡ್ ಎತ್ತ ತಿರುಗಿದೆ ಅಂತ ಗೊತ್ತಾಗುತ್ತೆ, ನೀಲಿ ಬಣ್ಣದಲ್ಲಿ ಏನೂ ಗೊತ್ತಾಗಲ್ಲ. ಅದನ್ನ ಪಕ್ಕಕ್ಕಿಟ್ಟು ನೀಲಿ ಆಗದೆ ಚುಕ್ಕಿ ತೋರಿಸೋ ಮಾನಿಟರ್ ತರಿಸಿದೆ.

ಆಂಟೆನಾ ವಿಷಯಕ್ಕೆ ಒಂದು ವಾರ ಹೋಯ್ತು. ಕ್ವಾಡ್ ಕಳಿಸೋ ಚಿತ್ರ ಹಿಡಿಯೋ ರಿಸೀವರ್ ಡೈವರ್ಸಿಟಿ ಥರದ್ದು, ಒಳಗೆ ಎರಡು ಮಾಡ್ಯೂಲ್ ಇರುತ್ತೆ, ಯಾವುದಕ್ಕೆ ಸಿಗ್ನಲ್ ಜಾಸ್ತಿ ಬರುತ್ತೋ ಅದರ ಚಿತ್ರ ಕೊಡುತ್ತೆ. ಒಂದಕ್ಕೆ ಆಮ್ನಿ, ಇನ್ನೊಂದಕ್ಕೆ ಪ್ಯಾಚ್ ಆಂಟೆನಾ. ಆಮ್ನಿ ಹಿಡಿಯೋ ಜಾಗ ಉದ್ದಿನ ವಡೆ ಥರ, ಸುತ್ತ ಚೆನ್ನಾಗಿ ಹಿಡಿಯುತ್ತೆ ಆದ್ರೆ ನೆತ್ತಿ ಮೇಲೆ ನೇರಕ್ಕೆ ತೂತು. ಪ್ಯಾಚ್ ಟಾರ್ಚ್ ಇದ್ದಂಗೆ, ಯಾವ ಕಡೆ ಮುಖ ಮಾಡಿದ್ವೋ ಆ ಕಡೆ ದೂರ. ತರಿಸಿದ ಪ್ಯಾಚ್ ಆಂಟೆನಾನ ರಿಸೀವರಿಗೆ ತಿರುಗಿಸಿದ್ರೆ ಗಟ್ಟಿಯಾಗಿ ಕೂತ್ಕೊಳ್ತು, ಸಿಗ್ನಲ್ ಮಾತ್ರ ಇಲ್ಲ. ಎರಡು ದಿನ ರಿಸೀವರೇ ಕೆಟ್ಟಿದೆ ಅಂದ್ಕೊಂಡಿದ್ದೆ. ಆಮೇಲೆ ಟಾರ್ಚ್ ಹಾಕಿ ನೋಡಿದ್ರೆ ಒಂದರ ಕನೆಕ್ಟರ್ ಎಸ್‌ಎಂಎ, ಇನ್ನೊಂದರದ್ದು ಆರ್‌ಪಿ-ಎಸ್‌ಎಂಎ, ತಿರುಪು ಒಂದೇ ಥರ ಹತ್ತುತ್ತೆ ಆದ್ರೆ ನಡುವೆ ಎರಡು ಕಡೇನೂ ತೂತೇ, ಪಿನ್ನೇ ಇಲ್ಲ, ತಾಗೋದು ಎಲ್ಲಿಂದ. ಇದೇ ತಪ್ಪು ಕ್ವಾಡಿನ ಟ್ರಾನ್ಸ್‌ಮಿಟರ್ ಕಡೆ ಆಗಿದ್ರೆ ಆಂಟೆನಾ ಇಲ್ಲದೆ ಅದು ಬಿಸಿಯಾಗಿ ಸುಟ್ಟೇ ಹೋಗ್ತಿತ್ತೇನೋ. ಹೊಸದಾಗಿ ಶುರು ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಪಿನ್ ನೋಡಿ ತಗೊಳ್ಳಿ, ಮತ್ತೆ ಇಂಥ ಆಂಟೆನಾದಲ್ಲಿ ಅಲೆ ಬಲಕ್ಕೋ ಎಡಕ್ಕೋ ಸುತ್ತುತ್ತೆ, ಎರಡೂ ಕಡೆ ಆಂಟೆನಾ ಒಂದೇ ಸುತ್ತಿನದಿರಲಿ, ಬಲಸುತ್ತು ಅಂದ್ರೆ ಎರಡೂ ಬಲಸುತ್ತು.

ಇನ್ನೊಂದು, ರಿಸೀವರನ್ನ ಸೂಟ್‌ಕೇಸಲ್ಲೇ ಇಟ್ಟು ಆಂಟೆನಾ ಮಾತ್ರ ಮೇಲಕ್ಕೆ ಎತ್ತೋಣ ಅನ್ನೋದು ನನ್ನ ಮೊದಲ ಪ್ಲಾನು. ಆದ್ರೆ ವಿಡಿಯೋ ಬರೋ 5.8 ಗಿಗಾಹರ್ಟ್ಸಲ್ಲಿ ತೆಳ್ಳಗಿನ ಆಂಟೆನಾ ಕೇಬಲ್ ಒಂದು ಮೀಟರ್ ದಾಟೋಷ್ಟರಲ್ಲೇ ಸುಮಾರು ಅರ್ಧ ಸಿಗ್ನಲ್ ನುಂಗಿಬಿಡುತ್ತೆ. ಹಂಗಾಗಿ ರಿಸೀವರನ್ನೇ ಪಿವಿಸಿ ಪೈಪಿನ ತುದಿಗೆ ಕಟ್ಟಿ, ಅಲ್ಲಿಂದ ಕೆಳಕ್ಕೆ ವಿಡಿಯೋ ವೈರು ಮತ್ತೆ ಕರೆಂಟ್ ವೈರು ಇಳಿಸಿದೆ. ವಿಡಿಯೋ ವೈರು ಮೂರು ಮೀಟರ್ ಇದ್ರೂ ಏನೂ ಆಗಲ್ಲ. ರಿಸೀವರಲ್ಲಿ ಎರಡು ಔಟ್‌ಪುಟ್ ಇತ್ತು, ಒಂದು ಮಾನಿಟರಿಗೆ, ಒಂದು ನನ್ನ ಗಾಗಲ್ಸಿಗೆ. ಅಂದ್ರೆ ಇಬ್ರಿಗೂ ಅದೇ ಚಿತ್ರ, ಅದೇ ಕ್ಷಣಕ್ಕೆ.

ಕರೆಂಟಿಗೆ ಮೂರು ಸೆಲ್ಲಿನ (3ಎಸ್) ಲಿಪೋ ಬ್ಯಾಟರಿ, 5000 ಎಂಎಎಚ್. ಮಾನಿಟರಿಗೆ ನೇರ, ರಿಸೀವರಿಗೆ ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್. ಆನ್ ಮಾಡಿದ್ರೆ ಚಿತ್ರದ ತುಂಬಾ ಅಡ್ಡಗೆರೆ ಓಡಾಡ್ತಿತ್ತು. ಗೆರೆ ಎಲ್ಲಿಂದ ಬರ್ತಿದೆ ಅಂತ ಹುಡುಕಿ ಹುಡುಕಿ ಕೊನೆಗೆ ರಿಸೀವರಿಗೆ ಫೋನಿನ ಪವರ್ ಬ್ಯಾಂಕಿಂದ ಕರೆಂಟ್ ಕೊಟ್ಟು ನೋಡಿದೆ, ಗೆರೆ ಮಾಯ. ಕನ್ವರ್ಟರಿನದೇ ಗಲಾಟೆ ಅಂತ ಖಾತ್ರಿ ಆಯ್ತು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು ಇಂಡಕ್ಟರು, 1000 ಮೈಕ್ರೋಫ್ಯಾರಡ್ಡಿನ ಕೆಪಾಸಿಟರು ತಂದು ಕನ್ವರ್ಟರ್ ಮುಂದೆ ಬೆಸುಗೆ ಹಾಕಿದೆ, ಚಿತ್ರ ತೊಳೆದಿಟ್ಟಂಗಾಯ್ತು. ರಾತ್ರಿ ಒಂದು ಗಂಟೆ ಆಗಿತ್ತು, ಹೆಂಡತಿ ಮಲಗಿದ್ಲು, ಎಬ್ಬಿಸಿ ತೋರಿಸಿದೆ.

ಹಬ್ಬದ ಮಾರನೇ ದಿನ ಬೆಳಿಗ್ಗೆ ಏಳೂವರೆಗೆಲ್ಲಾ ತೋಟಕ್ಕೆ ಹೋದ್ವಿ. ಗಾಳಿ ಇರಲಿಲ್ಲ. ಡ್ರೋನ್ ಮ್ಯಾಪ್ ನೋಡ್ಕೊಂಡಿದ್ದೆ, ನಮ್ಮ ಜಾಗ ಹಾರಿಸೋಕೆ ಅನುಮತಿ ಬೇಡದ ಗ್ರೀನ್ ಝೋನೇ, ನಾವು ಏರೋದು ಹೆಚ್ಚಂದ್ರೆ 25 ಮೀಟರ್. ವಿಡಿಯೋ ಚಾನೆಲ್ 5806 ಮೆಗಾಹರ್ಟ್ಸಿಗೆ ಇಟ್ಟಿದ್ದೆ, 5725ರಿಂದ 5875ರ ತನಕ ಲೈಸೆನ್ಸ್ ಬೇಡ ಅಂತ 2018ರಲ್ಲೇ ಬಿಟ್ಟಿದಾರೆ, ಅದರ ಮಧ್ಯಕ್ಕೇ ಬರುತ್ತೆ. ಪಂಪ್‌ಸೆಟ್ ಮನೆ ಮುಂದೆ ಸ್ವಲ್ಪ ಬಯಲಿದೆ, ಅಲ್ಲಿ ರಿಸೀವರ್ ಕಟ್ಟಿದ ಪೈಪಿನ ಸ್ಟ್ಯಾಂಡ್ ನಿಲ್ಲಿಸಿ ಸೂಟ್‌ಕೇಸ್ ತೆಗೆದು ಕಲ್ಲಿನ ಮೇಲಿಟ್ಟೆ. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ ಅಂತ ಕಪ್ಪು ಫೋಮ್ ಶೀಟಲ್ಲಿ ಮುಂದಕ್ಕೆ ಸೂರಿನ ಥರ ಇಳಿಸಿದ್ದೆ. ಅಪ್ಪ ಪ್ಲಾಸ್ಟಿಕ್ ಸ್ಟೂಲ್ ಎಳ್ಕೊಂಡು ಕೂತು ಕನ್ನಡಕ ಒರೆಸಿಕೊಂಡ್ರು. ಗಾಗಲ್ಸ್ ಹಾಕಿದ್ರೆ ನಂಗೆ ಸುತ್ತಮುತ್ತ ಕಾಣಲ್ಲ, ಅದಕ್ಕೆ ಜನ ದನ ಬಂದ್ರೆ ಕೂಗು ಅಂತ ತಮ್ಮನ್ನ ಬೇಲಿ ಹತ್ರ ನಿಲ್ಲಿಸಿದ್ವಿ.

ಏರಿಸಿದೆ. ಗರಿ ದಾಟಿ ಮೇಲೆ ಬಂದಾಗ ಪಕ್ಕದಲ್ಲಿ ಅಪ್ಪ ಉಸಿರು ಎಳ್ಕೊಂಡಿದ್ದು ಕೇಳಿಸ್ತು. ಎಪ್ಪತ್ತು ವರ್ಷ ಆ ಮರಗಳ ಬುಡದಲ್ಲೇ ಓಡಾಡಿದೋರು, ಹುಡುಗನಾಗಿದ್ದಾಗ ಹತ್ತಿದ್ದು ಬಿಟ್ರೆ ಮೇಲಿಂದ ನೋಡೇ ಇರಲಿಲ್ಲ.

ಆಮೇಲೆ ಶುರುವಾಯ್ತು. ಎಡಕ್ಕೆ ಹೋಗು, ಇನ್ನೂ ಹತ್ರ, ಅಲ್ಲೇ ನಿಲ್ಲು. ಎಳೇ ಗರಿ ನೋಡು ಕತ್ತರೀಲಿ ಕತ್ತರಿಸಿದಂಗೆ ಇದೆಯಲ್ಲ, ಅದು ದುಂಬಿ ಕೊರೆದಿರೋದು. ನಾನು ಆ ಗರಿಗಳನ್ನ ಅದೇ ಕ್ಷಣ ಗಾಗಲ್ಸಲ್ಲಿ ನೋಡ್ತಾ ಇದ್ದೆ, ಅವರು ಹೇಳೋ ತನಕ ನಂಗೆ ಅದು ಬರೀ ಗರಿ. ಸುಳಿ ಒಳಗೆ ಮಡಚಿಕೊಂಡಿರೋವಾಗ ದುಂಬಿ ಅಡ್ಡ ಕೊರೆಯುತ್ತಂತೆ, ಗರಿ ಬಿಚ್ಚಿಕೊಂಡಾಗ ಎರಡೂ ಕಡೆ ಒಂದೇ ಅಳತೆಗೆ ಕತ್ತರಿ ಹಾಕಿದಂಗೆ ಕಾಣೋದು ಅದಕ್ಕೇನೆ. ಬ್ಯಾಟರಿ ನಾಲ್ಕೈದು ನಿಮಿಷಕ್ಕೆ ಒಂದು ಮುಗಿಯುತ್ತೆ, ಇಳಿಸಿ ಬೇರೆ ಹಾಕಿ ಮತ್ತೆ ಏರಿಸೋದು. ಮೂರನೇ ಬ್ಯಾಟರಿಗೆ ಅಂಥ ಮೂರು ಮರ ಸಿಕ್ಕಿದ್ವು, ಮೂರೂ ಉತ್ತರದ ಮೂಲೇಲಿ. ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, ತಿಪ್ಪೆ ಇರೋದು ಅಲ್ಲೇ ಅಲ್ವಾ ಅಂದ್ರು. ಆ ದುಂಬಿ ಮೊಟ್ಟೆ ಇಟ್ಟು ಮರಿ ಮಾಡೋದೇ ಗೊಬ್ಬರದ ಗುಂಡೀಲಿ.

ನಾಲ್ಕನೇ ಬ್ಯಾಟರೀಲಿ ತಿಪ್ಪೆ ಆಚೆಗಿನ ಸಾಲು ನೋಡೋಣ ಅಂತ ದೂರ ಹೋದೆ. ಮಧ್ಯ ಹತ್ತು ಹನ್ನೆರಡು ಮರ, ಗರಿ ಎಲ್ಲಾ ಇಬ್ಬನಿಗೆ ಇನ್ನೂ ಒದ್ದೆ, 5.8 ಗಿಗಾಹರ್ಟ್ಸಿಗೆ ಹಸಿ ಎಲೆಗಿಂತ ದೊಡ್ಡ ಶತ್ರು ಇಲ್ಲ. ಚುಕ್ಕಿ ಬಂತು, ಗೆರೆ ಬಂತು, ಬಣ್ಣ ಹೋಗಿ ಕಪ್ಪು ಬಿಳುಪಾಯ್ತು. ನನ್ನ ಬೆರಳು ತಾನಾಗೇ ಥ್ರಾಟಲ್ ಏರಿಸ್ತು, ಮೇಲಕ್ಕೆ ಹೋದ್ರೆ ಮರ ಅಡ್ಡ ಬರಲ್ಲ ಅಂತ. ಅದೇ ಹೊತ್ತಿಗೆ ಪಕ್ಕದಲ್ಲಿ ಸ್ಟೂಲ್ ಸರಿದ ಸದ್ದು, ಪೈಪ್ ಕಿರ್ ಅಂದಿದ್ದು, ಅಪ್ಪನ ದನಿ.

ಬಂತಾ?

ಇನ್ನೂ ಇಲ್ಲ.

ಈಗ ಬಂತಾ?

ಬಂತು ಬಂತು, ಅಲ್ಲೇ ಬಿಡಿ!

ನಾನು ಆ ಮಾತನ್ನ ಅದೇ ರಾಗದಲ್ಲಿ ಹೇಳಿದ್ದು ಆಮೇಲೆ ಗೊತ್ತಾಯ್ತು. ಚಿಕ್ಕೋನಿದ್ದಾಗ ಭಾನುವಾರ ದೂರದರ್ಶನದಲ್ಲಿ ಕನ್ನಡ ಪಿಕ್ಚರ್ ಬರೋ ಹೊತ್ತಿಗೆ ಅಪ್ಪ ತಾರಸಿ ಮೇಲೆ ಆಂಟೆನಾ ತಿರುಗಿಸೋರು, ನಾನು ಕಿಟಕೀಲಿ ತಲೆ ಹಾಕಿ ಕೂಗಿ ಹೇಳೋನು, ಅಂಗಳದ ತುಂಬಾ ಅಕ್ಕಪಕ್ಕದ ಮನೆಯೋರು. ಪ್ಯಾಚ್ ಆಂಟೆನಾ ಯಾವ ಕಡೆ ಮುಖ ಮಾಡಿರ್ಬೇಕು ಅಂತ ನಾನು ಅಪ್ಪಂಗೆ ಒಂದು ಮಾತೂ ಹೇಳಿರಲಿಲ್ಲ, ಅವರಿಗೆ ಹೇಳೋದು ಬೇಕಾಗೂ ಇರಲಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಹಾಕಿ ನೋಡಿದೆ. ಥ್ರಾಟಲ್ ಏರಿದ ಮೇಲೂ ಎರಡು ಸೆಕೆಂಡ್ ಚಿತ್ರ ಹಾಳಾಗೇ ಇತ್ತು, ಅಪ್ಪ ಎರಡನೇ ಸಲ ತಿರುಗಿಸಿದಾಗಲೇ ಬಣ್ಣ ವಾಪಸ್ ಬಂದಿದ್ದು.

ಮಧ್ಯಾಹ್ನದ ಹೊತ್ತಿಗೆ ಆ ಮೂರು ಮರಕ್ಕೂ ಸುಣ್ಣದ ಗುರುತು ಬಿತ್ತು. ಮರ ಹತ್ತೋ ಒಬ್ರಿಗೆ ಫೋನ್ ಮಾಡಿದ್ವಿ, ಮೂರೇ ಮರ ಅಂದಿದ್ದಕ್ಕೆ ನಾಳೇನೇ ಬರ್ತೀನಿ ಅಂದ್ರು. ಕೊಕ್ಕೇಲಿ ದುಂಬಿ ಎಳೆದು ತೆಗೆದು ಸುಳಿ ಸಂದಿಗೆ ಬೇವಿನ ಹಿಂಡಿ, ಮರಳು ಹಾಕೋದು. ತಿಪ್ಪೆ ಕೆದಕಿ ಮರಿಹುಳ ಆರಿಸೋ ಕೆಲಸ ನಂಗೂ ತಮ್ಮಂಗೂ ಬಂತು, ಒಂದು ಬಕೆಟ್ ಸಿಕ್ತು, ಬೆರಳು ಗಾತ್ರದ್ದು.

ಕೈ ತೊಳ್ಕೊಂಡು ಮನೆಗೆ ಬಂದ್ರೆ ಅಪ್ಪ ಕಾಣಲಿಲ್ಲ. ಅಮ್ಮ ಮೇಲೆ ಕೈ ತೋರಿಸಿದ್ರು. ತಾರಸೀಲಿ ಟೀವಿ ಆಂಟೆನಾದ ಹಳೇ ಜಿಐ ಪೈಪು ಇನ್ನೂ ಗೋಡೆಗೆ ಹಂಗೇ ಇತ್ತು, ಆಂಟೆನಾ ಯಾವಾಗಲೋ ಗಾಳಿಗೆ ಮುರಿದುಹೋಗಿ ಪೈಪು ಮಾತ್ರ ಉಳಿದಿತ್ತು. ಅಪ್ಪ ತುಕ್ಕು ಹಿಡಿದ ಕ್ಲ್ಯಾಂಪಿಗೆ ಎಣ್ಣೆ ಬಿಟ್ಟು ಪಾನಾ ಹಿಡ್ಕೊಂಡು ಕೂತಿದ್ರು. ನಿನ್ನ ಪ್ಲಾಸ್ಟಿಕ್ ಪೈಪ್ ಗಿಡ್ಡ ಆಯ್ತು, ಇದು ಹತ್ತಡಿ ಇದೆ, ಪಂಪ್‌ಸೆಟ್ ಮನೆ ಗೋಡೆಗೆ ಕೂರಿಸೋಣ, ನೀನು ಬಂದಾಗ ಆ ಡಬ್ಬಿ ಮೇಲೆ ಕಟ್ಟಿದ್ರೆ ಸಾಕು ಅಂದ್ರು. ನಾನು ಇನ್ನೊಂದು ಪಾನಾ ತಗೊಂಡು ಆ ಕಡೆಯ ನಟ್ಟು ಹಿಡ್ಕೊಂಡೆ.