ಬಾಗಿಲೇ ಮಡಕೆ

ಹೋದ ಕಬ್ಬಿನ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ, ಮಂಡ್ಯದ ಸಿಗ್ನಲ್ಲಿನಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಕಡೆಗೆ ಹೊರಟಿದ್ದ ಟ್ರ್ಯಾಕ್ಟರ್ ಪಕ್ಕ ಸಿಕ್ಕಿಹಾಕಿಕೊಂಡೆ. ಹಿಂದೆ ಎರಡು ಟ್ರೈಲರ್ ಕಬ್ಬು, ಡ್ರೈವರ್ ತಲೆ ಮೇಲೆ ಬಣ್ಣದ ಸೀರಿಯಲ್ ಲೈಟು, ಸೀಟಿನ ಹಿಂದೆ ಎರಡು ಸ್ಪೀಕರ್ ಪೆಟ್ಟಿಗೆ. ನಾನು ನಾಲ್ಕೂ ಗ್ಲಾಸ್ ಏರಿಸಿಕೊಂಡು ಕೂತಿದ್ದೆ. ಆದರೂ ಅವನ ಹಾಡು ಪದಪದವಾಗಿ ಕೇಳುತ್ತಿತ್ತು. ನನ್ನ ಸ್ಟೀರಿಯೋದಲ್ಲಿ ಬರುತ್ತಿದ್ದ ದೊರೆಸ್ವಾಮಿ ಅಯ್ಯಂಗಾರರ ವೀಣೆ ಮಾತ್ರ, ಪಕ್ಕದ ಮನೆಯಲ್ಲಿ ಯಾರೋ ಸ್ಟೀಲ್ ತಟ್ಟೆ ಮೇಲೆ ಉಗುರಾಡಿಸಿದ ಹಾಗೆ. ಡ್ರೈವರ್ ನನ್ನ ಕಡೆ ತಿರುಗಿ ನಕ್ಕ. ಸುಮ್ಮನೆ ನಕ್ಕಿರಬಹುದು. ನನಗೆ ಮಾತ್ರ ಅವಮಾನವಾಯಿತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಕಾಮರ್ಸ್ ಪಾಠ ಮಾಡುವುದು ಮಂಡ್ಯದ ಪಿಯು ಕಾಲೇಜಿನಲ್ಲಿ. ಹೋಗುತ್ತಾ ಸುಮಾರು 45 ಕಿಲೋಮೀಟರ್, ಬರುತ್ತಾ ಅಷ್ಟೇ. ಬೆಳಿಗ್ಗೆ ಆಕಾಶವಾಣಿ ಮೈಸೂರು, 100.6. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಇವತ್ತಿಗೂ ನನ್ನ ದಿನ ಶುರುಮಾಡಿಸುತ್ತದೆ. ಸಂಜೆ ವಾಪಸ್ ಬರುವಾಗ ಪೆನ್‌ಡ್ರೈವ್. ಲೆಕ್ಕ ಹಾಕಿದರೆ ನಾನು ಮನೆಯ ಸೋಫಾದ ಮೇಲೆ ಕೂರುವುದಕ್ಕಿಂತ ಆ 2014ರ ಸೆಕೆಂಡ್ ಹ್ಯಾಂಡ್ ಸ್ವಿಫ್ಟಿನೊಳಗೆ ಕೂರುವುದೇ ಹೆಚ್ಚು. ಸೋಫಾಗೆ ಮೂವತ್ತು ಸಾವಿರ ಸುರಿದವಳಿಗೆ ಸ್ಪೀಕರ್‌ಗೆ ಹತ್ತು ಸಾವಿರ ಖರ್ಚು ಮಾಡಲು ಕಾರಣ ಬೇಕಾಗಿತ್ತು. ಟ್ರ್ಯಾಕ್ಟರ್ ಕೊಟ್ಟಿತು.

ಮೊದಲು ಹೋದ ಅಂಗಡಿಯಲ್ಲಿ ಹುಡುಗ ಒಂದು ಡಬ್ಬ ತಂದು ಕೌಂಟರ್ ಮೇಲೆ ಕುಕ್ಕಿದ. ಮೇಲೆ ದಪ್ಪಕ್ಷರದಲ್ಲಿ 350 ವಾಟ್. "ಮೇಡಂ, ಇದು ಹಾಕಿದ್ರೆ ರೋಡಲ್ಲಿ ಹೋಗೋರೆಲ್ಲ ತಿರುಗಿ ನೋಡ್ಬೇಕು." ರೋಡಲ್ಲಿ ಹೋಗುವವರು ಸುಮ್ಮನೆ ಹೋದರೆ ಸಾಕಾಗಿತ್ತು ನನಗೆ. ಆ ಡಬ್ಬವನ್ನು ತಿರುಗಿಸಿ ಹಿಂಬದಿ ಓದಿದೆ. ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: ಆರ್‌ಎಂಎಸ್ 45 ವಾಟ್. ಸ್ಪೀಕರ್ ಸುಟ್ಟುಹೋಗದೆ ಗಂಟೆಗಟ್ಟಲೆ ತಡೆದುಕೊಳ್ಳುವುದು ಆ ಸಣ್ಣಕ್ಷರದ ಅಂಕಿಯನ್ನು. 350 ಎನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ. ಬ್ಯಾಲೆನ್ಸ್ ಶೀಟು ಓದುವವರಿಗೆ ಅಡಿಟಿಪ್ಪಣಿಯಲ್ಲೇ ನಿಜ ಇರುತ್ತದೆಂಬುದು ಹೊಸ ವಿಷಯವಲ್ಲ.

ಮನೆಗೆ ಬಂದು ನನ್ನ ಸ್ಟೀರಿಯೋವನ್ನೂ ಆಡಿಟ್ ಮಾಡಿದೆ. ಮುಖದ ಮೇಲೆ 50 ವಾಟ್ × 4 ಎಂದು ಬರೆದುಕೊಂಡಿದೆ. ಒಟ್ಟು 200. ಅದರ ಬೆನ್ನಿಗಿರುವ ಫ್ಯೂಸ್ 10 ಆಂಪಿಯರ್. ಎಂಜಿನ್ ಓಡುವಾಗ ಕಾರಿನ ವೋಲ್ಟೇಜು ಹೆಚ್ಚೆಂದರೆ 14.4. ಗುಣಿಸಿದರೆ 144. ಒಳಗೆ ಬರುವುದೇ 144 ವಾಟ್, ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಿದ್ದ ಮೇಲೆ ಹೊರಗೆ 200 ಎಲ್ಲಿಂದ? ಜಮಾಕ್ಕಿಂತ ಖರ್ಚು ಜಾಸ್ತಿ. ನಿಜದಲ್ಲಿ ಇಂಥ ಸ್ಟೀರಿಯೋ ಒಂದೊಂದು ಸ್ಪೀಕರ್‌ಗೆ ಕೊಡುವುದು ಸುಮಾರು ಇಪ್ಪತ್ತು ವಾಟ್. ನಾನು ಬೇರೆ ಆಂಪ್ಲಿಫೈಯರ್ ಹಾಕಿಸುವವಳಲ್ಲ. ಅಂದಮೇಲೆ ಎಷ್ಟು ವಾಟ್ ತಡೆಯುತ್ತದೆ ಎಂದು ಕೇಳಿ ಪ್ರಯೋಜನವಿಲ್ಲ, ಇರುವ ಇಪ್ಪತ್ತರಲ್ಲಿ ಎಷ್ಟು ಹಾಡುತ್ತದೆ ಎಂದು ಕೇಳಬೇಕು.

ಇದನ್ನು ನನಗೆ ಸರಿಯಾಗಿ ತಿಳಿಸಿದ್ದು ಅಪ್ಪ. ಪಾಂಡವಪುರ ತಾಲೂಕಿನ ನಮ್ಮೂರಲ್ಲಿ ಎಂಬತ್ತರ ದಶಕದಲ್ಲಿ ಅಪ್ಪನದು ಮೈಕ್‌ಸೆಟ್ಟಿನ ವ್ಯವಹಾರ. ಎರಡು ಅಹುಜಾ ಆಂಪ್ಲಿಫೈಯರು, ನಾಲ್ಕು ಹಾರನ್ನು, ಒಂದು ಜನರೇಟರು. ಮದುವೆಮನೆಯಲ್ಲಿ ತೆಂಗಿನಮರಕ್ಕೆ ಹಾರನ್ ಕಟ್ಟಿ, ಬೆಳಗಿನ ಜಾವ ನಾಲ್ಕಕ್ಕೇ ಸುಪ್ರಭಾತ ಹಾಕಿದರೆ ಪಕ್ಕದ ಎರಡು ಊರು ಎದ್ದು ಕೂರುತ್ತಿದ್ದವು. "ಮೂವತ್ತೇ ವಾಟು ಕಣವ್ವ ಅದು," ಎಂದರು ಫೋನಿನಲ್ಲಿ. "ಹಾರನ್ ಕಂಠ ದೊಡ್ಡದು, ಹೊಟ್ಟೆ ಚಿಕ್ಕದು. ನಿನ್ ಡಬ್ಬದ ಮೇಲೆ ಡಿಬಿ ಅಂತ ಬರ್ದಿರ್ತಾರೆ, ಅದ ನೋಡು." ನೋಡಿದೆ. ಒಂದು ಜೊತೆಯ ಮೇಲೆ ಸೆನ್ಸಿಟಿವಿಟಿ, ಅಂದರೆ ಒಂದು ವಾಟಿಗೆ ಎಷ್ಟು ಸದ್ದು ಮಾಡುತ್ತದೆ ಎಂಬ ಅಳತೆ, 89 ಡಿಬಿ, ಇನ್ನೊಂದರ ಮೇಲೆ 92. ಮೂರರ ವ್ಯತ್ಯಾಸ ಅಂದರೆ ಏನು ಮಹಾ ಅನಿಸುತ್ತದೆ. ಆದರೆ 92ರದ್ದು ಅರ್ಧ ವಾಟಿನಲ್ಲಿ ಮಾಡುವ ಸದ್ದಿಗೆ 89ರದ್ದಕ್ಕೆ ಒಂದು ವಾಟ್ ಬೇಕು. ನನ್ನ ಬಡ ಸ್ಟೀರಿಯೋಗೆ ಅದು ಸಣ್ಣ ವಿಷಯವಲ್ಲ.

ಆಮೇಲೆ ಕೋಆಕ್ಸಿಯಲ್ಲೋ ಕಾಂಪೊನೆಂಟೋ ಎಂಬ ಪ್ರಶ್ನೆ. ಕೋಆಕ್ಸಿಯಲ್ ಎಂದರೆ ದೊಡ್ಡ ಕೋನಿನ ನಡುವೆಯೇ ಟ್ವೀಟರ್, ಅಂದರೆ ಏರು ಸ್ವರ ಹಾಡುವ ಪುಟ್ಟ ಸ್ಪೀಕರ್, ಕೂತಿರುತ್ತದೆ. ಅಗ್ಗ, ಹಾಕುವುದೂ ಸುಲಭ. ಕಾಂಪೊನೆಂಟಿನಲ್ಲಿ ಎರಡೂ ಬೇರೆಬೇರೆ, ನಡುವೆ ಕ್ರಾಸ್‌ಓವರ್ ಎಂಬ ಪುಟ್ಟ ಪೆಟ್ಟಿಗೆ ಕೂತು ತಗ್ಗಿನ ಸ್ವರವನ್ನು ಆ ಕಡೆಗೂ ಏರಿನದನ್ನು ಈ ಕಡೆಗೂ ಹಂಚುತ್ತದೆ. ಸ್ವಿಫ್ಟಿನ ಮುಂದಿನ ಬಾಗಿಲಲ್ಲಿ ಆರೂವರೆ ಇಂಚಿನ ಸ್ಪೀಕರ್ ಇರುವುದು ಮೊಣಕಾಲಿಗಿಂತ ಕೆಳಗೆ. ಕೋಆಕ್ಸಿಯಲ್ ಹಾಕಿದರೆ ಟ್ವೀಟರ್ ಹಾಡುವುದು ನನ್ನ ಮೀನಖಂಡಕ್ಕೆ. ಏರು ಸ್ವರ ಟಾರ್ಚಿನ ಬೆಳಕಿದ್ದಂತೆ, ಎತ್ತ ತಿರುಗಿಸಿದರೆ ಅತ್ತಲೇ ಬೀಳುತ್ತದೆ. ಟ್ವೀಟರ್ ಕನ್ನಡಿಯ ಹಿಂದಿನ ಮೂಲೆಯಲ್ಲಿರಬೇಕು, ಕಾಂಪೊನೆಂಟೇ ಆಗಬೇಕು ಎಂದು ತೀರ್ಮಾನಿಸಿದೆ. ಇದನ್ನು ಪರೀಕ್ಷೆ ಮಾಡಲು ನಾನು ಅಂಗಡಿಗಳಿಗೆ ಒಯ್ದದ್ದು ಮಹದೇಶ್ವರನ ಗುಡ್ಡರ ಕಂಸಾಳೆ, ಊರ ಹಬ್ಬದಲ್ಲಿ ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ಕಂಚಿನ ತಾಳ ಒಂದಕ್ಕೊಂದು ತಾಗುವ ಸದ್ದು ಕೆಟ್ಟ ಟ್ವೀಟರಿನಲ್ಲಿ ತಗಡಿನ ಸದ್ದಾಗುತ್ತದೆ. ಒಳ್ಳೆಯದರಲ್ಲಿ, ತಾಗಿದ ಮೇಲೂ ಗಾಳಿಯಲ್ಲಿ ಒಂದು ಎಳೆ ಉಳಿಯುತ್ತದೆ. ಪಯೋನಿಯರ್, ಜೆಬಿಎಲ್, ಸೋನಿ ಎಲ್ಲವನ್ನೂ ಕೇಳಿದೆ. ಯಾವುದು ತಗೊಂಡೆ ಎಂದು ಹೇಳಿ ಜಗಳ ಹಚ್ಚುವುದಿಲ್ಲ. 6,200 ರೂಪಾಯಿ ಆಯಿತು.

ಹಣ ಕೊಟ್ಟು ಬಂದು ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ. "ಯಾವ ಮಡ್ಕೆಗೆ ಹಾಕುಸ್ತಿದ್ದೀಯೆ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ನಾನು ಚಿಕ್ಕವಳಿದ್ದಾಗ ನಮ್ಮನೆ ಪಡಸಾಲೆಯಲ್ಲಿ ಟೇಪ್‌ರೆಕಾರ್ಡರಿನ ವೈರು ಹೋಗಿ ಸೇರುತ್ತಿದ್ದದ್ದು ಮೂಲೆಯ ಮಣ್ಣಿನ ಮಡಕೆಯೊಂದಕ್ಕೆ. ಮಡಕೆ ಬಾಯಿಗೆ ಸ್ಪೀಕರ್ ಕೂರಿಸಿ, ಸುತ್ತ ಬಟ್ಟೆ ತುರುಕಿದ್ದರು. ಊರಿನ ಹೋಟೆಲಿನಲ್ಲೂ ಕಟಿಂಗ್ ಶಾಪಿನಲ್ಲೂ ಅದೇ ಏರ್ಪಾಡು. ಬರಿ ಸ್ಪೀಕರ್ ಕೈಯಲ್ಲಿ ಹಿಡಿದರೆ ನೊಣ ಗುಂಯ್‌ಗುಟ್ಟಿದಂತೆ ಇರುವ ಸದ್ದು ಮಡಕೆಗೆ ಕೂತೊಡನೆ ಎದೆಗೆ ತಾಗುತ್ತಿತ್ತು. ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಮುಂದಿನದೂ ಹಿಂದಿನದೂ ಸೇರಿಕೊಂಡರೆ ತಗ್ಗಿನ ಸ್ವರ ಒಂದನ್ನೊಂದು ತಿಂದುಹಾಕುತ್ತವೆ. ಹಿಂದಿನದನ್ನು ಮಡಕೆಯೊಳಗೆ ಕೂಡಿಹಾಕಿದರೆ ಮುಂದಿನದು ಬದುಕಿಕೊಳ್ಳುತ್ತದೆ.

"ಕಾರಲ್ಲಿ ಬಾಗ್ಲೇ ಮಡ್ಕೆ ಕಣವ್ವ. ನಿಮ್ ಮಾರುತಿ ಬಾಗ್ಲು ತೂತು ಮಡ್ಕೆ. ವಾಟು ವಾಟು ಅಂತ ಬಡ್ಕಂಡು ಏನುಪಯೋಗ?"

ಅಂಗಡಿಯಲ್ಲಿ ಬಾಗಿಲಿನ ಟ್ರಿಮ್, ಅಂದರೆ ಒಳಹೊದಿಕೆ, ಬಿಚ್ಚಿದಾಗ ಅದನ್ನೇ ಕಣ್ಣಾರೆ ಕಂಡೆ. ಹ್ಯಾಂಡಲ್ ಹಿಂದೆ ಒಂದು ಸ್ಕ್ರೂ, ಕೈಯಿಡುವಲ್ಲಿ ಒಂದು, ಉಳಿದದ್ದೆಲ್ಲ ಪ್ಲಾಸ್ಟಿಕ್ ಕ್ಲಿಪ್ಪು. ಟಪಟಪ ಎಂದು ಬಿಟ್ಟುಕೊಂಡವು, ಒಂದು ಮುರಿಯಿತು. ಒಳಗೆ ಕಪ್ಪು ಅಂಟಿನಲ್ಲಿ ಮೆತ್ತಿದ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಅದನ್ನು ಸರಿಸಿದರೆ ಬಾಗಿಲಿನ ಒಳತಗಡಿನಲ್ಲಿ ನನ್ನ ಇಡೀ ಕೈ ತೂರುವಷ್ಟು ದೊಡ್ಡ ಎರಡು ಕಿಂಡಿ. ಕಂಪನಿ ಸ್ಪೀಕರ್ ಬಿಚ್ಚಿ ಕೈಗೆ ಕೊಟ್ಟ ಹುಡುಗ. ಕಾಗದದ ಕೋನು, ದೊಡ್ಡ ಅಂಗಿ ಗುಂಡಿಯಷ್ಟು ಮ್ಯಾಗ್ನೆಟ್ಟು, ಮಗುವಿನ ಆಟದ ಸಾಮಾನಿನಷ್ಟೇ ತೂಕ. ಇಷ್ಟು ವರ್ಷ ದೊರೆಸ್ವಾಮಿ ಅಯ್ಯಂಗಾರರನ್ನು ಇದರಿಂದ ನುಡಿಸಿದೆನಲ್ಲ!

"ಡ್ಯಾಂಪಿಂಗ್ ಶೀಟ್ ಹಾಕಿ" ಎಂದೆ. "ಅದೆಲ್ಲ ಬೇಡ ಮೇಡಂ, ಆಂಪ್ ಹಾಕೋರಿಗೆ ಅದು" ಎಂದ. ನಾನು ಬಿಡಲಿಲ್ಲ. ಎರಡು ಬಾಗಿಲಿಗೆ 2,800 ಆಯಿತು. ಒಂದು ಬದಿ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಬದಿ ಟಾರಿನಂತೆ ಅಂಟುವ ಬ್ಯೂಟೈಲ್ ರಬ್ಬರು. ಹೊರತಗಡನ್ನು ಒರೆಸಿ, ಅಂಟಿಸಿ, ಪುಟ್ಟ ರೋಲರಿನಲ್ಲಿ ಚಪಾತಿ ಲಟ್ಟಿಸಿದ ಹಾಗೆ ಒತ್ತಿದ. ಆಮೇಲೆ ಕಿಂಡಿಗಳನ್ನೂ ಮುಚ್ಚಿಸಿದೆ. ಶೀಟು ಹಾಕುವ ಮೊದಲು ಬಾಗಿಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ್ದೆ, ಖಾಲಿ ಎಣ್ಣೆ ಡಬ್ಬದ ಹಾಗೆ ಟಣ್ ಅನ್ನುತ್ತಿತ್ತು. ಈಗ ದಬ್. ಬಾಗಿಲು ಹಾಕುವ ಸದ್ದೇ ಬೇರೆ ಯಾರದೋ ದುಬಾರಿ ಕಾರಿನದ್ದು. ನನ್ನ ಕೇಳಿದರೆ ಕೊಟ್ಟ ಕಾಸಿಗೆ ಕಿವಿಗೆ ಹೆಚ್ಚು ದಕ್ಕಿದ್ದು 6,200ರ ಸ್ಪೀಕರಿಗಿಂತ ಆ 2,800ರ ಶೀಟಿನಿಂದಲೇ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳಿರುತ್ತವೆ, ಅವುಗಳ ಮೇಲೆ ಮಾತ್ರ ಶೀಟು ಬೀಳದ ಹಾಗೆ ಎದುರಿಗೇ ನಿಂತು ನೋಡಿಕೊಂಡೆ. ಗ್ಲಾಸಿನಂಚಿನಿಂದ ಮಳೆನೀರು ಬಾಗಿಲೊಳಕ್ಕೆ ಇಳಿದೇ ಇಳಿಯುತ್ತದೆ. ಅದೇ ಕಾರಣಕ್ಕೆ ಸ್ಪೀಕರ್ ಕೂರಿಸುವ ರಿಂಗು ಎಂಡಿಎಫ್ ಮರದ್ದು ಬೇಡವೆಂದು ಪ್ಲಾಸ್ಟಿಕ್‌ನದು ಹಾಕಿಸಿದೆ, ಮರ ನೆನೆದರೆ ಉಬ್ಬುತ್ತದೆ. ಮ್ಯಾಗ್ನೆಟ್ ದಪ್ಪ ಇದ್ದಿದ್ದರಿಂದ ಗ್ಲಾಸನ್ನು ಪೂರ್ತಿ ಇಳಿಸಿ ತಾಗುತ್ತದೆಯೇ ಎಂದೂ ನೋಡಿದೆವು. ಬೆರಳಗಲ ಜಾಗ ಉಳಿದಿತ್ತು. ರಿಂಗು, ವೈರು ಜೋಡಿಸುವ ಕಪ್ಲರಿಗೆ 600, ಕೂಲಿ 1,200. ಒಟ್ಟು 10,800.

ಅಷ್ಟೆಲ್ಲ ಮಾಡಿ ಸಂಜೆ ಏಳಕ್ಕೆ ಹಾಡು ಹಾಕಿದರೆ, ಏನೋ ಸರಿಯಿಲ್ಲ.

ಸದ್ದು ಶುದ್ಧವಾಗಿತ್ತು, ಕಂಸಾಳೆ ಮಿಂಚುತ್ತಿತ್ತು. ಆದರೆ ತಮಟೆಗೆ ಚರ್ಮವೇ ಇಲ್ಲ. ಹಾಡುವವರ ದನಿ ಎದುರಿಗೆ ನಿಲ್ಲದೆ ಒಮ್ಮೆ ತಲೆಯ ಹಿಂದೆ, ಒಮ್ಮೆ ಕಿವಿಯ ಪಕ್ಕ. "ಹೊಸಾದಲ್ವ ಮೇಡಂ, ನಲವತ್ತು ಗಂಟೆ ಓಡಿದ್ ಮೇಲೆ ಸೆಟ್ ಆಗತ್ತೆ" ಎಂದ ಹುಡುಗ, ಶಟರ್ ಅರ್ಧ ಎಳೆಯುತ್ತಾ. ಚಪ್ಪಲಿಯೂ ಹಾಗೇ ಸೆಟ್ ಆಗುತ್ತದೆಂದು ನಂಬಿ ಕಾಲು ಕಚ್ಚಿಸಿಕೊಂಡವಳು ನಾನು. ಆದರೂ ಒಂದು ವಾರ ಕಾದೆ. ಸ್ಟೀರಿಯೋದ ಬಾಸ್ ಬೂಸ್ಟ್ ಏರಿಸಿದೆ, ಇಳಿಸಿದೆ. ಕೊನೆಗೆ ಗಣಂಗೂರು ಟೋಲಿನ ಹತ್ತಿರ ಬೇಸತ್ತು ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ತಮಟೆ ಬಂತು! ಪೂರ್ತಿ ಬಲಕ್ಕೆ ತಿರುಗಿಸಿದೆ. ಅಲ್ಲೂ ಬಂತು. ನಡುವಿಗೆ ತಂದರೆ ಮಾಯ. ಒಬ್ಬೊಬ್ಬರೇ ಇದ್ದಾಗ ಚೆನ್ನಾಗಿ ಮಾತಾಡಿ, ಇಬ್ಬರೂ ಸೇರಿದರೆ ಬಾಯಿ ಕಟ್ಟಿಕೊಳ್ಳುವ ಅತ್ತೆ ಸೊಸೆಯ ಹಾಗೆ.

ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಕಾರಿನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಗೋಡೆ ಗಡಿಯಾರದ ಸೆಲ್ ಕಿತ್ತುಕೊಂಡು ಬಂದರು.

ಅಂಗಳದಲ್ಲಿ ಎರಡೂ ಬಾಗಿಲಿನ ಟ್ರಿಮ್ ನಾನೇ ಬಿಚ್ಚಿದೆ. ಈ ಸಲ ಕ್ಲಿಪ್ ಮುರಿಯಲಿಲ್ಲ. ಅಪ್ಪ ಕಪ್ಲರ್ ಕಳಚಿ, ಎಡಬಾಗಿಲಿನ ಸ್ಪೀಕರಿನತ್ತ ಹೋಗುವ ಎರಡು ವೈರನ್ನು ಸೆಲ್ಲಿನ ಎರಡು ತುದಿಗೆ ತಾಗಿಸಿದರು. ಬರೀ ಒಂದೂವರೆ ವೋಲ್ಟು. ಪಟ್ ಎಂದು ಸಣ್ಣ ಸದ್ದಾಗಿ ಕೋನ್ ಮುಂದಕ್ಕೆ ನೆಗೆದು ಅಲ್ಲೇ ನಿಂತಿತು, ಉಸಿರು ಬಿಗಿಹಿಡಿದವರ ಎದೆಯ ಹಾಗೆ. ವೈರು ತೆಗೆದರೆ ವಾಪಸ್ಸು. ಬಲಬಾಗಿಲಿಗೆ ಬಂದು ಅದೇ ಬಣ್ಣದ ವೈರನ್ನು ಸೆಲ್ಲಿನ ಅದೇ ತುದಿಗೆ ತಾಗಿಸಿದರು. ಪಟ್. ಕೋನ್ ಒಳಕ್ಕೆ ಸರಿಯಿತು.

"ಒಬ್ಬ ನೂಕ್ತಾವ್ನೆ, ಇನ್ನೊಬ್ಬ ಎಳೀತಾವ್ನೆ" ಎಂದರು ಅಪ್ಪ. "ಗಾಳಿ ಎಲ್ಲಿಗ್ ಹೋಗ್ಬೇಕು?"

ಕಂಪನಿ ವೈರಿಂಗಿನಲ್ಲಿ ತಪ್ಪಿರಲಿಲ್ಲ. ಸ್ಟೀರಿಯೋ ಹಿಂದೆ ಎಡ ಮುಂದಿನದಕ್ಕೆ ಬಿಳಿ, ಬಲ ಮುಂದಿನದಕ್ಕೆ ಬೂದು, ಕಪ್ಪು ಗೆರೆ ಇದ್ದದ್ದು ಮೈನಸ್ಸು, ಎಲ್ಲ ಸರಿಯಾಗಿತ್ತು. ಹುಡುಗ ಬಲಗಡೆ ಸ್ಪೀಕರಿನ ಎರಡು ಪಿನ್ನಿಗೆ ವೈರು ಸಿಕ್ಕಿಸುವಾಗ ಅದಲುಬದಲು ಮಾಡಿದ್ದ. ಒಂದು ಪಿನ್ ಅಗಲ, ಇನ್ನೊಂದು ಸಣ್ಣ, ತಪ್ಪಬಾರದೆಂದೇ ಹಾಗೆ ಮಾಡಿರುತ್ತಾರೆ. ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಹಿಗ್ಗಿಸಿ ಕೂರಿಸಿದ್ದ. ಬದಲಾಯಿಸಲು ಐದು ನಿಮಿಷ ಸಾಕಾಯಿತು.

ಟ್ರಿಮ್ ಹಾಕುವ ಮೊದಲೇ ವೀಣೆ ಹಾಕಿದೆ. ಮಂದ್ರದ ತಂತಿಯ ಮೇಲೆ ಮೀಟು ಬಿದ್ದಾಗ ಮೊದಲು ಉಗುರಿನ ಸದ್ದು, ಆಮೇಲೆ ತಂತಿಯದು, ಅದರ ಹಿಂದೆ ಹಲಸಿನ ಮರದ ಕೊಡದ ಗುಂಗು, ಮೂರೂ ಬಿಡಿಬಿಡಿಯಾಗಿ ಬಂದವು. ಸದ್ದು ಸ್ಟೇರಿಂಗಿಗಿಂತ ಎತ್ತರದಲ್ಲಿ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಕೂತಿತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು, ಒಂದು ಕಾಲು ಹೊರಗೆ ಇಟ್ಟುಕೊಂಡೇ ಪೂರ್ತಿ ಕೇಳಿದರು. ಬಾಸ್ ಬೂಸ್ಟ್ ತೆಗೆದುಹಾಕಿ, ಸ್ಟೀರಿಯೋದಲ್ಲಿ ತೀರಾ ತಗ್ಗಿನ ಸ್ವರ ತಡೆಯುವ ಹೈಪಾಸನ್ನು 80 ಹರ್ಟ್ಜಿಗೆ ಇಟ್ಟೆ. ಅದಕ್ಕಿಂತ ಕೆಳಗಿನದನ್ನು ಆರೂವರೆ ಇಂಚಿನ ಕೋನಿನಿಂದ ಹಿಂಡಿ ತೆಗೆಯಲು ಹೋದರೆ ದನಿ ಒಡೆಯುತ್ತದೆ. ಹಿಂದಿನ ಬಾಗಿಲಿನ ಸ್ಪೀಕರ್ ಹಳೆಯದೇ ಇದೆ, ಫೇಡರಿನಲ್ಲಿ ಅದರ ಬಾಯಿ ಮುಚ್ಚಿಸಿದ್ದೇನೆ. ಹಿಂದೆ ಕೂರುವುದು ನನ್ನ ಬ್ಯಾಗು, ಟೆಸ್ಟ್ ಪೇಪರುಗಳು.

ಒಂದು ಕಿರಿಕಿರಿ ಇನ್ನೂ ಉಳಿದಿದೆ. ತೊಂಬತ್ತರ ಸ್ಪೀಡಿನಲ್ಲಿ, ಗಂಡಸರ ದನಿ ಒಂದು ನಿರ್ದಿಷ್ಟ ಸ್ವರಕ್ಕೆ ಇಳಿದಾಗ ಮಾತ್ರ ಎಡಬಾಗಿಲಿನಲ್ಲಿ ಝರ್ ಎನ್ನುತ್ತದೆ. ಮುರಿದ ಆ ಮೊದಲ ಕ್ಲಿಪ್ಪಿನದೇ ಕೆಲಸವಿರಬೇಕು. ಹತ್ತು ರೂಪಾಯಿಯ ಕ್ಲಿಪ್ ತರಲು ಇನ್ನೂ ಪುರುಸೊತ್ತಾಗಿಲ್ಲ.

ಬಿಚ್ಚಿದ ಹಳೆ ಸ್ಪೀಕರುಗಳನ್ನು ಗುಜರಿಗೆ ಹಾಕಲೆಂದು ಡಿಕ್ಕಿಯಲ್ಲಿ ಇಟ್ಟಿದ್ದೆ. ನಾನು ಹೊರಡುವಾಗ ಅಪ್ಪ ತೆಗೆಸಿಕೊಂಡರು. ಹೋದ ವಾರ ಊರಿಗೆ ಹೋದರೆ ಪಂಪ್‌ಹೌಸಿನಲ್ಲಿ ಎರಡು ಹೊಸ ಮಡಕೆ, ಬಾಯಿಗೆ ಸ್ವಿಫ್ಟಿನ ಸ್ಪೀಕರು, ಸುತ್ತ ನನ್ನ ಹಳೆ ಚೂಡಿದಾರದ ಬಟ್ಟೆ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಆಂಪ್ಲಿಫೈಯರ್ ಬೋರ್ಡೊಂದನ್ನು ಮಂಡ್ಯದಿಂದ ತರಿಸಿಕೊಂಡಿದ್ದರು. ಭತ್ತಕ್ಕೆ ನೀರು ಕಟ್ಟುತ್ತಾ ಆಕಾಶವಾಣಿ ಕೇಳುತ್ತಿದ್ದರು. ಗದ್ದೆಯ ಆ ತುದಿಯಲ್ಲಿ ನಿಂತರೂ ವಾರ್ತೆ ಓದುವವರ ಉಸಿರು ಸಹ ಕೇಳುತ್ತಿತ್ತು. ನಾನು ಬದುವಿನ ಮೇಲೆ ನಿಂತದ್ದು ನೋಡಿ, "ಯಾವ್ದುಕ್ಕೆ ಎಷ್ಟ್ ಕೊಟ್ಟೆ ಅಂದೆ?" ಎಂದು ಇನ್ನೊಮ್ಮೆ ಕೇಳಿದರು.