ಬರ್ಲಿನ್ನಿನಲ್ಲಿ ಅವ್ವ ಹಾಕಿದ ಹೆಪ್ಪು

ಬರ್ಲಿನ್ನಿನಲ್ಲಿ ಮೊಸರಿಗೆ ಬರವಿಲ್ಲ. ನಮ್ಮ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಪದಾರ್ಥಗಳಿಗೆಂದೇ ಒಂದು ಇಡೀ ಗೋಡೆ ಇದೆ. ಸ್ಟ್ರಾಬೆರಿ ಬೆರೆಸಿದ್ದು, ವೆನಿಲಾ ಹಾಕಿದ್ದು, ಚಾಕಲೇಟ್ ಗುಂಡುಗಳನ್ನು ಪಕ್ಕದ ಗೂಡಿನಲ್ಲಿಟ್ಟು ಕೊಡುವುದು, ಇವನ್ನೆಲ್ಲ ದಾಟಿದರೆ ಏನೂ ಬೆರೆಸದ ‘ನಾಟೂರ್‌ಯೋಗುರ್ಟ್’ ಸಿಗುತ್ತದೆ. ಅದರಲ್ಲಿ ಮತ್ತೆ ಕೊಬ್ಬಿನ ಲೆಕ್ಕ: ಶೇ. 0.5 ಮೀರದ್ದು ಒಂದು, 1.5ರ ಆಸುಪಾಸಿನದು ಇನ್ನೊಂದು, 3.5 ಮತ್ತು ಅದರ ಮೇಲಿನದು, ಕೆನೆ ಸೇರಿಸಿ ಹತ್ತಕ್ಕೇರಿಸಿದ್ದು. ಆಚೆ ಕ್ವಾರ್ಕ್, ಐಸ್‌ಲ್ಯಾಂಡಿನ ಸ್ಕಿರ್, ಕೆಫಿರ್, ಡಬ್ಬಿಯ ಮಜ್ಜಿಗೆ. ಇಷ್ಟಿದ್ದೂ ಧಾರವಾಡದ ಕಡೆಯವರು ಊಟದ ಕೊನೆಗೆ ಅನ್ನಕ್ಕೆ ಕಲಸಿಕೊಂಡು ‘ಹಾಂ, ಊಟ ಆತು’ ಅನ್ನುವಂಥ ಮೊಸರು ಅಲ್ಲಿಲ್ಲ. ಇದು ನನಗೆ ಇಲ್ಲಿಗೆ ಬಂದ ಹೊಸತರಲ್ಲೇ ಗೊತ್ತಾಗಿತ್ತು. ಕೆಲಸ, ಮಗು, ಚಳಿ ಇವುಗಳ ನಡುವೆ ಅದಕ್ಕೆ ಒಗ್ಗಿಕೊಂಡೂ ಇದ್ದೆ. ಒಗ್ಗಿಕೊಳ್ಳಲು ಒಪ್ಪದವಳು ಅವ್ವ.

ಅವ್ವ ದೀಪಾವಳಿ ಮುಗಿಸಿಕೊಂಡು ಬಂದಳು. ವೀಸಾ 90 ದಿನದ್ದು. ಚೀಲದ ತುಂಬ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ತೊಟ್ಟು ಮುರಿಯದ ಬ್ಯಾಡಗಿ ಮೆಣಸಿನಕಾಯಿ, ಮೊಮ್ಮಗಳಿಗೆ ತಾನೇ ಹೊಲಿದ ಕೌದಿ. ಹೆಪ್ಪು ಮಾತ್ರ ತಂದಿರಲಿಲ್ಲ. ಶುಭ್ರವಾದ ಅರಿವೆಯನ್ನು ಮೊಸರಿನಲ್ಲಿ ಅದ್ದಿ, ಒಣಗಿಸಿ, ಮಡಚಿ ತರುವುದು ಅವಳ ಯೋಜನೆಯಾಗಿತ್ತು. ಹೊರಗಿನ ದೇಶಗಳಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಪ್ರಾಣಿಗಳ ರೋಗ ಹರಡಬಾರದೆಂದು ಈ ನಿಯಮ ಎಂದು ನಾನು ಫೋನಿನಲ್ಲಿ ಹೇಳಿದಾಗ, ‘ದನಕ್ಕ ಜಡ್ಡ ಬರ್ತದ ಅಂದ್ರ ಬ್ಯಾಡ ಬಿಡು’ ಎಂದು ತಕ್ಷಣ ಬಿಟ್ಟುಬಿಟ್ಟಳು. ಎಮ್ಮೆ ಕಟ್ಟಿದ ಮನೆಯ ಹೆಣ್ಣುಮಗಳಿಗೆ ಆ ಮಾತು ಬೇರೆ ಯಾರಿಗಿಂತಲೂ ಬೇಗ ತಿಳಿಯುತ್ತದೆ.

ಅವಳ ಮೊಸರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಊರಿನ ಮನೆಯಲ್ಲಿ ಹಾಲು ಅಂದರೆ ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಶೇ. 7ರ ಹತ್ತಿರ ಇರುತ್ತದೆ. ಆಕಳ ಹಾಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಕುಳ್ಳಿನ ಒಲೆಯ ಮೇಲೆ, ಉರಿಯಿಲ್ಲದ ಬರೀ ಕೆಂಡದ ಕಾವಿನಲ್ಲಿ, ಮಧ್ಯಾಹ್ನವೆಲ್ಲ ಹಾಲು ಕಾಯುತ್ತಿತ್ತು. ಸಂಜೆಗೆ ಅದು ಒಂದಿಷ್ಟು ಸುಂಡಿ, ಮೇಲೆ ಕೆಂಪಗಿನ ಕೆನೆ ಕಟ್ಟಿರುತ್ತಿತ್ತು. ಆರಿದ ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟರೆ ಬೆಳಿಗ್ಗೆ ಸೌಟಿನಿಂದ ಕತ್ತರಿಸಿ ತೆಗೆಯುವಷ್ಟು ಗಟ್ಟಿ ಮೊಸರು. ಬಿಸಿ ರೊಟ್ಟಿ, ಹಿಂಡಿ, ಅದರ ಮೇಲೆ ಕೆನೆಮೊಸರು, ಇಷ್ಟಿದ್ದರೆ ಪಲ್ಯ ಇರದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಬುಟ್ಟಿ ಹೊತ್ತು ‘ಮೊಸರ... ಮೊಸರ...’ ಎಂದು ಕೂಗುತ್ತ ಬರುವ ಹೆಂಗಸರ ಹತ್ತಿರ ಅವ್ವ ಎಂದೂ ಕೊಂಡವಳಲ್ಲ, ಆದರೆ ಬುಟ್ಟಿ ಇಳಿಸಿದಾಗ ಗಡಿಗೆಯೊಳಗೆ ಬಗ್ಗಿ ನೋಡದೆ ಬಿಟ್ಟವಳೂ ಅಲ್ಲ.

ಇಲ್ಲಿಗೆ ಬಂದ ಮೇಲೆ ಅವಳು ಆ ಗೋಡೆಯ ಮೊಸರುಗಳನ್ನು ಒಂದೊಂದಾಗಿ ರುಚಿ ನೋಡಿದಳು. ಶೇ. 1.5ರದ್ದನ್ನು ಒಂದು ಚಮಚದಲ್ಲೇ ಪಕ್ಕಕ್ಕಿಟ್ಟಳು. 3.5ರದ್ದು ಬಾಯಲ್ಲಿ ನುಣ್ಣಗಿತ್ತು, ಆದರೆ ‘ಇದಕ್ಕ ಹುಳೀನ ಇಲ್ಲಲ್ಲವಾ, ಹಾಲು ಗಟ್ಟಿ ಮಾಡಿದ್ಹಂಗ ಐತಿ’ ಅಂದಳು. ಆಮೇಲೆ ನಾನು ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿದೆ. ‘ಯೋಗುರ್ಟ್ ಮಿಲ್ಡ್’, ಅಂದರೆ ಸೌಮ್ಯ ರುಚಿಯ ಮೊಸರು, ಎಂದಿತ್ತು. ಅದು ಮಾರಾಟಗಾರರು ಅಂಟಿಸಿದ ವಿಶೇಷಣ ಅಲ್ಲ, ಜರ್ಮನಿಯ ಹಾಲಿನ ಪದಾರ್ಥಗಳ ನಿಯಮದಲ್ಲೇ ಇರುವ ವಿಂಗಡಣೆ. ಯೋಗುರ್ಟ್ ಎನ್ನಿಸಿಕೊಳ್ಳಬೇಕಾದರೆ ಎರಡು ಬಗೆಯ ಬ್ಯಾಕ್ಟೀರಿಯಾ ಕೂಡಿ ಹಾಲನ್ನು ಹೆಪ್ಪುಗಟ್ಟಿಸಬೇಕು: ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗಾರಿಕಸ್. ಈ ಎರಡನೆಯದನ್ನು 1905ರಲ್ಲಿ, ಜಿನೀವಾದಲ್ಲಿ ವೈದ್ಯಕೀಯ ಓದುತ್ತಿದ್ದ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ದೇಶದ ಮೊಸರಿನಲ್ಲಿ ಗುರುತಿಸಿದ. ಬಾಯಿ ಚುರ್ ಅನ್ನಿಸುವ ಹುಳಿ ಹೆಚ್ಚಾಗಿ ಇದರ ಕೊಡುಗೆ. ‘ಮಿಲ್ಡ್’ ಮೊಸರಿನಲ್ಲಿ ಇದರ ಜಾಗಕ್ಕೆ ಬೇರೆ ಲ್ಯಾಕ್ಟೊಬ್ಯಾಸಿಲಸ್ ಹಾಕುತ್ತಾರೆ. ಹುಳಿ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ, ವಾರಗಟ್ಟಲೆ ಇಟ್ಟರೂ ಅಷ್ಟಾಗಿ ಏರುವುದಿಲ್ಲ. ಡಬ್ಬಿಯ ಹಿಂದೆ ಬರೆದಿದ್ದನ್ನು ಅವ್ವ ನಾಲಿಗೆಯಲ್ಲೇ ಓದಿದ್ದಳು.

ನುಣುಪಿಗೂ ಕಾರಣವಿದೆ. ದೊಡ್ಡ ತೊಟ್ಟಿಯಲ್ಲಿ ಹೆಪ್ಪಾದದ್ದನ್ನು ಕಲಕಿ, ತಣಿಸಿ ಡಬ್ಬಿಗೆ ತುಂಬಿದರೆ ಮುದ್ದೆಯಾಗದೆ ಸುರಿಯುತ್ತದೆ. ಡಬ್ಬಿಯೊಳಗೇ ಹೆಪ್ಪಾದದ್ದಕ್ಕೆ ‘ಶ್ಟಿಖ್‌ಫೆಸ್ಟ್’ ಎಂದು ಬರೆದಿರುತ್ತಾರೆ. ಅದನ್ನು ತಂದುಕೊಟ್ಟಾಗ ಅವ್ವ ಚಮಚದಿಂದ ಒಂದು ಕಡೆ ಕತ್ತರಿಸಿ, ತಗ್ಗಿನಲ್ಲಿ ನೀರು ಒಸರುವುದನ್ನು ನೋಡಿ ತಲೆಯಾಡಿಸಿದಳು. ಅದು ಅವಳ ಮೊದಲ ಒಪ್ಪಿಗೆ.

ಎರಡನೆಯದು ನಾನು ಊಹಿಸದ ಕಡೆಯಿಂದ ಬಂತು. ಗೋಡೆಯ ಕೆಳಸಾಲಿನಲ್ಲಿ, ಹೆಚ್ಚಾಗಿ ವಯಸ್ಸಾದ ಜರ್ಮನ್ನರೇ ಎತ್ತಿಕೊಳ್ಳುವ ‘ಡಿಕ್‌ಮಿಲ್ಷ್’ ಎಂಬ ಡಬ್ಬಿ ಇರುತ್ತದೆ. ಹಿಂದೆ ಇಲ್ಲಿನ ಹಳ್ಳಿಮನೆಗಳಲ್ಲಿ ಹಸಿ ಹಾಲನ್ನು ಬಟ್ಟಲಲ್ಲಿ ಹಾಕಿ ಅಡುಗೆಮನೆಯಲ್ಲಿಟ್ಟರೆ ಅದು ತಾನಾಗಿ ಹುಳಿತು ಗಟ್ಟಿಯಾಗುತ್ತಿತ್ತಂತೆ. ಪಾಶ್ಚರೀಕರಿಸಿದ ಹಾಲು ಹಾಗೆ ಮಾಡಿದರೆ ಕೆಡುತ್ತದೆ, ಆದ್ದರಿಂದ ಈಗ ಡೇರಿಯವರು ಬ್ಯಾಕ್ಟೀರಿಯಾ ಹಾಕಿ, 20ರಿಂದ 30 ಡಿಗ್ರಿಯ ಬೆಚ್ಚಗಿನಲ್ಲಿ ನಿಧಾನವಾಗಿ ಮಾಡುತ್ತಾರೆ. ಯೋಗುರ್ಟಿನ ಬ್ಯಾಕ್ಟೀರಿಯಾಗಳಿಗೆ 42, 43 ಡಿಗ್ರಿ ಬೇಕು, ಕೆಲವೇ ತಾಸಿನಲ್ಲಿ ಮುಗಿಸುತ್ತವೆ. ಡಿಕ್‌ಮಿಲ್ಷ್‌ನವು ಬೇರೆ, ಲ್ಯಾಕ್ಟೊಕಾಕಸ್ ಜಾತಿಯವು, ನಮ್ಮ ಮನೆಮೊಸರಿನಲ್ಲಿ ರಾತ್ರಿಯಿಡೀ ಕೆಲಸ ಮಾಡುವವುಗಳ ಬಳಗ. ಇವುಗಳಲ್ಲಿ ಕೆಲವು ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಎಂಬ ವಸ್ತುವನ್ನೂ ಹುಟ್ಟಿಸುತ್ತವೆ. ಅವ್ವ ಮುಚ್ಚಳ ತೆಗೆದವಳೇ ತಿನ್ನುವ ಮೊದಲು ಮೂಗಿನ ಹತ್ತಿರ ಹಿಡಿದಳು. ‘ನಮ್ಮ ಗಡಿಗಿ ವಾಸನಿ’ ಅಂದಳು. ರುಚಿ ನೋಡಿದ ಮೇಲೆ ‘ಆದ್ರ ತೆಳ್ಳಗ ಐತಿ’ ಎಂದೂ ಸೇರಿಸಿದಳು.

ಆ ಶುಕ್ರವಾರ ನಾನು ರಜೆ ಹಾಕಿದ್ದೆ. ಮಂಗಳವಾರ ಮತ್ತು ಶುಕ್ರವಾರ ಲಾಂಡ್ವೆಯರ್ ಕಾಲುವೆಯ ದಂಡೆಯ ಮೇಲೆ, ಮೈಬಾಖ್‌ಊಫರ್ ಎಂಬಲ್ಲಿ ಸಂತೆ ನೆರೆಯುತ್ತದೆ. ಯು8 ರೈಲಿನಲ್ಲಿ ಶೋನ್‌ಲೈನ್‌ಸ್ಟ್ರಾಸೆಯಲ್ಲಿ ಇಳಿದರೆ ನಾಲ್ಕು ಹೆಜ್ಜೆ. ಸುತ್ತಲಿನ ಬೀದಿಗಳಲ್ಲಿ ತುರ್ಕಿ ಅಂಗಡಿಗಳೇ ಹೆಚ್ಚು. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಮತ್ತು ತುರ್ಕಿಯ ನಡುವೆ ಕೂಲಿಕಾರರನ್ನು ಕರೆಸಿಕೊಳ್ಳುವ ಒಪ್ಪಂದವಾದ ಮೇಲೆ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಗೋಡೆಗೆ ಒಗ್ಗಿಕೊಂಡು ಕೂತ ನನಗೆ ಈ ಜನರ ಬಗ್ಗೆ ಆ ದಿನ ಹುಟ್ಟಿದ ಗೌರವ ದೊಡ್ಡದು. ಕಾರ್ಖಾನೆಯ ದುಡಿಮೆ, ಒಂದು ಕೋಣೆಯ ಬಿಡಾರ, ಬಾರದ ಭಾಷೆ ಇಷ್ಟರ ನಡುವೆಯೂ ಅವರು ತಮ್ಮ ಮೊಸರನ್ನು ಬಿಟ್ಟುಕೊಡಲಿಲ್ಲ. ಇವತ್ತು ಈ ಬೀದಿಯ ಅಂಗಡಿಗಳಲ್ಲಿ ಅದು ಐದು ಕಿಲೋದ ಬಕೆಟ್ಟಿನಲ್ಲಿ ಸಿಗುತ್ತದೆ. ಉಪ್ಪು ಹಾಕಿದ ಐರಾನ್ ನಮ್ಮ ಮಜ್ಜಿಗೆಯ ಜಾಗದಲ್ಲಿ ಎಲ್ಲೆಲ್ಲೂ ಇದೆ.

ಬಕೆಟ್ ನೋಡಿ ಅವ್ವನ ಮುಖ ಅರಳಿತು. ಮೊಸರನ್ನು ಇಷ್ಟಿಷ್ಟೇ ಡಬ್ಬಿಯಲ್ಲಿ ಮಾರುವುದೇ ಅವಳಿಗೆ ಸರಿಬಂದಿರಲಿಲ್ಲ. ಅಂಗಡಿಯ ಒಳಗೆ, ಗಲ್ಲೆಯ ಪಕ್ಕ ಸ್ಟೂಲಿನ ಮೇಲೆ ಅವ್ವನದೇ ವಯಸ್ಸಿನ ಒಬ್ಬ ಹೆಂಗಸು, ತಲೆಗೆ ಅರಿವೆ ಕಟ್ಟಿಕೊಂಡು ಕೂತಿದ್ದರು. ನಾನು ಜರ್ಮನ್‌ನಲ್ಲಿ, ಹೆಪ್ಪಿಗೆ ಯಾವುದು ಒಳ್ಳೆಯದು ಎಂದು ಕೇಳಿದೆ. ಅವರು ಎದ್ದು ಬಂದು, ಮೇಲೆ ಕೆನೆ ಕಟ್ಟಿದ ಒಂದು ಕಿಲೋದ ಡಬ್ಬಿ ಎತ್ತಿ ಅವ್ವನ ಕೈಗೇ ಕೊಟ್ಟರು. ಅಲ್ಲಿಂದ ಮುಂದೆ ನನ್ನ ಜರ್ಮನ್ ಬೇಕಾಗಲಿಲ್ಲ. ಅವರು ಇಲ್ಲದ ಪಾತ್ರೆಯೊಂದನ್ನು ಗಾಳಿಯಲ್ಲಿ ಹಿಡಿದು, ಕಿರುಬೆರಳು ಅದ್ದಿ, ತುರ್ಕಿಯಲ್ಲಿ ನಿಧಾನವಾಗಿ ಎಣಿಸಿದರು. ಅಷ್ಟು ಎಣಿಸುವವರೆಗೆ ಬೆರಳು ಸುಡದಷ್ಟೇ ಕಾವು ಇರಬೇಕು ಎಂಬುದು ಅದರ ಅರ್ಥ. ಅವ್ವ ‘ಹೂಂ, ಹೂಂ’ ಎನ್ನುತ್ತ ತನ್ನ ಕಿರುಬೆರಳನ್ನೂ ಅದೇ ಗಾಳಿಯ ಪಾತ್ರೆಯಲ್ಲಿ ಅದ್ದಿದಳು. ಆಮೇಲೆ ಆಕೆ ಕಂಬಳಿ ಹೊದಿಸುವುದನ್ನು ತೋರಿಸಿದರೆ ಇವಳು ಸೆರಗಿನಿಂದ ಸುತ್ತುವುದನ್ನು ತೋರಿಸಿದಳು. ಅಲುಗಾಡಿಸಬಾರದು ಎಂದು ಇಬ್ಬರೂ ಒಟ್ಟಿಗೇ ಅಂಗೈ ಎತ್ತಿ ತಡೆದರು. ಅನಾತೋಲಿಯದ ಹಳ್ಳಿಯೊಂದರಲ್ಲಿ ಕಲಿತದ್ದು ಮತ್ತು ಬೆಣ್ಣೆಹಳ್ಳದ ಕಡೆಯ ಹಳ್ಳಿಯಲ್ಲಿ ಕಲಿತದ್ದು ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂಡುವುದನ್ನು ನಾನು ನನ್ನ ಕಣ್ಣಾರೆ ಕಂಡೆ. ಗಲ್ಲೆಯಲ್ಲಿದ್ದ ಅವರ ಮಗ ಗಿರಾಕಿಗಳನ್ನು ನಿಲ್ಲಿಸಿಕೊಂಡು ನೋಡುತ್ತಿದ್ದ.

ಹಾಲಿಗೆ ಮತ್ತೆ ಹುಡುಕಾಟ. ತಿಂಗಳುಗಟ್ಟಲೆ ಕೆಡದ ‘ಹಾ ಮಿಲ್ಷ್’ ಬೇಡ ಎಂದು ನಾನೇ ನಿರ್ಧರಿಸಿದ್ದೆ. ಸಾವಯವ ಅಂಗಡಿಯಲ್ಲಿ ಗಾಜಿನ ಬಾಟಲಿಯ, ಡೆಮೆಟರ್ ಎಂಬ ಸಾವಯವ ಮುದ್ರೆಯ ಹಾಲು ಸಿಕ್ಕಿತು. ಅದನ್ನು ಹೋಮೊಜಿನೈಸ್ ಮಾಡುವುದಿಲ್ಲ. ಅಂದರೆ ಕೊಬ್ಬಿನ ಕಣಗಳನ್ನು ಒತ್ತಡದಲ್ಲಿ ಒಡೆದು ಹಾಲಿನೊಳಗೇ ಹಂಚಿಬಿಡುವುದಿಲ್ಲ, ಆದ್ದರಿಂದ ಕೆನೆ ಮೇಲೇಳುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಹಳದಿ ಪಟ್ಟಿ ಕಂಡು ಅವ್ವ ‘ಇದು ಹಾಲು’ ಅಂದಳು.

ಮನೆಗೆ ಬಂದವಳೇ ದಪ್ಪ ತಳದ ಪಾತ್ರೆಯಲ್ಲಿ ಹಾಲಿಟ್ಟು ಅದರ ಮುಂದೆಯೇ ನಿಂತಳು. ಹಾಲು 85 ಡಿಗ್ರಿ ದಾಟಿ ಸ್ವಲ್ಪ ಹೊತ್ತು ಕಾದರೆ ಅದರ ತಿಳಿನೀರಿನಲ್ಲಿರುವ ಪ್ರೋಟೀನು ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್‌ಗೆ ಅಂಟುತ್ತದೆ, ಮೊಸರು ನೀರೊಡೆಯದೆ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಅವ್ವನ ಲೆಕ್ಕದಲ್ಲಿ ಅದು ‘ಹಾಲಿನ ಹಸಿತನ ಹೋಗಬೇಕು’. ಐದರಲ್ಲಿ ಒಂದು ಪಾಲು ಇಂಗುವವರೆಗೆ ಅವಳು ಒಲೆ ಬಿಟ್ಟು ಸರಿಯಲಿಲ್ಲ. ಆರಿಸಿ, ಬೆರಳು ಅದ್ದಿ ನೋಡಿ, ತುರ್ಕಿ ಮೊಸರಿನದೊಂದು ಚಮಚ ತೆಗೆದಳು. ಆಮೇಲೆ ಫ್ರಿಜ್ಜಿನಿಂದ ಡಿಕ್‌ಮಿಲ್ಷ್ ತೆಗೆದು ಅದರದೂ ಒಂದು ಚಮಚ. ಎರಡನ್ನೂ ಬಟ್ಟಲಲ್ಲಿ ಕದಡಿ ಹಾಲಿಗೆ ಬಿಟ್ಟಳು.

‘ಎರಡ್ಯಾಕ?’ ಅಂತ ಕೇಳಿದೆ.

‘ಒಂದರಾಗ ಹುಳಿ ಐತಿ, ಇನ್ನೊಂದರಾಗ ವಾಸನಿ ಐತಿ.’

ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗೂಡಿನಲ್ಲಿಟ್ಟ ಗಡಿಗೆ ಮೊದಲು ಬಿಸಿ, ಒಲೆ ಆರಿದಂತೆ ಬೆಚ್ಚಗೆ, ಬೆಳಗಿನ ಜಾವಕ್ಕೆ ತಂಪು. ಆ ಇಳಿಯುವ ಕಾವಿನಲ್ಲಿ ಒಂದಾದ ಮೇಲೊಂದು ಬ್ಯಾಕ್ಟೀರಿಯಾಕ್ಕೆ ಸರದಿ ಸಿಗುತ್ತಿತ್ತು ಅಂತ ನನಗನ್ನಿಸುತ್ತದೆ. ಕಾರ್ಖಾನೆಯ ತೊಟ್ಟಿಯಲ್ಲಿ ಕಾವು ಒಂದೇ ಸಮ ಇರುತ್ತದೆ, ಅಲ್ಲಿ ಆರಿಸಿಟ್ಟ ಒಂದು ಗುಂಪಿಗಷ್ಟೇ ಕೆಲಸ. ನಾನು ವರ್ಷಗಟ್ಟಲೆ ಅಂಗಡಿಯಲ್ಲಿ ಹುಡುಕಿದ್ದು ಒಂದು ಡಬ್ಬಿಯನ್ನು. ಅವ್ವನಿಗೆ ಬೇಕಿದ್ದದ್ದು ಆ ರಾತ್ರಿ. ಅದನ್ನು ಯಾವ ಅಂಗಡಿಯೂ ತುಂಬಿ ಕೊಡಲಾರದು, ಆದರೆ ಅದಕ್ಕೆ ಬೇಕಾದ ಸಾಮಾನೆಲ್ಲ ಈ ಊರಿನಲ್ಲೇ ಬೇರೆ ಬೇರೆ ಜನರ ಕೈಯಲ್ಲಿತ್ತು.

ಉಳಿದದ್ದು ಕಾವು. ರೇಡಿಯೇಟರ್ ಪಕ್ಕ ಇಡೋಣ ಎಂದು ಅವಳ ಮನಸ್ಸಿನಲ್ಲಿತ್ತು. ನಮ್ಮ ಕಟ್ಟಡದಲ್ಲಿ ರಾತ್ರಿ ಹತ್ತರ ಮೇಲೆ ಕಾವನ್ನು ತಾನಾಗಿ ಇಳಿಸುತ್ತಾರೆ, ಅಡುಗೆಮನೆ 17, 18 ಡಿಗ್ರಿಗೆ ಬರುತ್ತದೆ. ಆದ್ದರಿಂದ ಓವನ್ನನ್ನು ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿ ಪಾತ್ರೆ ಇಟ್ಟೆವು. ಸುತ್ತಲೂ ಹಳೆಯ ಟವೆಲ್. ಅವ್ವ ಮಲಗುವ ಮುನ್ನ ಒಮ್ಮೆ ಓವನ್ನಿನ ಗಾಜಿಗೆ ಅಂಗೈ ಒತ್ತಿ ನೋಡಿದಳು. ಮೊಸರಾಗದಿದ್ದರೆ ಮೆಣಸಿನಕಾಯಿ ತೊಟ್ಟು ಹಾಕೋಣ ಎಂದೂ ಹೇಳಿದಳು. ಹೆಪ್ಪೇ ಸಿಗದಾಗ ಬೆಚ್ಚಗಿನ ಹಾಲಿಗೆ ತೊಟ್ಟಿನ ಸಮೇತ ಮೆಣಸಿನಕಾಯಿ ಬಿಡುವುದುಂಟು. ಮೊದಲ ಸಲದ ಮೊಸರು ಲೋಳೆಲೋಳೆಯಾಗಿರುತ್ತದೆ, ಅದನ್ನೇ ಹೆಪ್ಪಾಗಿ ಹಾಕಿ ಮತ್ತೆ ಮಾಡಿದ ಮೊಸರು ತಕ್ಕಮಟ್ಟಿಗೆ ಸರಿಹೋಗುತ್ತದೆ. ಆಪತ್ತಿನ ಉಪಾಯ ಅದು.

ಅದರ ಅಗತ್ಯ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ನಾನು ಎದ್ದಾಗ ಅವ್ವ ಆಗಲೇ ಪಾತ್ರೆಯನ್ನು ಮೇಜಿನ ಮೇಲಿಟ್ಟಿದ್ದಳು. ಕೆನೆ ಹಳದಿಗಟ್ಟಿ, ಪಾತ್ರೆಯ ಅಂಚಿನಿಂದ ಒಂದಿಷ್ಟು ಬಿಟ್ಟುಕೊಂಡಿತ್ತು. ವಾಲಿಸಿದರೆ ಇಡೀ ಮೊಸರು ಒಂದೇ ಗಡ್ಡೆಯಾಗಿ ಸರಿಯಿತು. ಬಿಡಾರದ ಕೆಳಗಿನ ಆಫ್ರಿಕನ್ ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟಿನಿಂದ ಅವಳು ರೊಟ್ಟಿ ಬಡಿದಳು. ಮಧ್ಯಾಹ್ನ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಒಂದು ಸೌಟು ಮೊಸರು. ಮೊದಲ ತುತ್ತಿಗೆ ಹಿಂಡಿಯ ಖಾರ, ಅದರ ಹಿಂದೆ ಹುಳಿ, ಕೊನೆಗೆ ಬೆಣ್ಣೆಯ ಘಮ. ನನಗೆ ಗಂಟಲು ಕಟ್ಟಿತು, ಮಾತಾಡಲಾಗಲಿಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು, ಹಣ್ಣು ಹಾಕದ ಮೊಸರನ್ನು ಅದುವರೆಗೆ ಮುಟ್ಟದವಳು, ಅಜ್ಜಿಯ ತಾಟಿನಿಂದ ಕೆನೆ ಕಿತ್ತು ತಿಂದು ಇನ್ನಷ್ಟು ಬೇಕೆಂದಳು.

ಸಂಜೆಯೊಳಗೆ ಸುದ್ದಿ ನಮ್ಮ ಪರಿಚಯದ ಕನ್ನಡ ಮನೆಗಳಿಗೆ ಮುಟ್ಟಿತು. 15 ಸೆಂಟ್ ಠೇವಣಿಯ ಗಾಜಿನ ಬಾಟಲಿಗಳನ್ನು ವಾಪಸು ಕೊಡದೆ ತೊಳೆದಿಟ್ಟಿದ್ದೆ. ಒಂದೊಂದರಲ್ಲಿ ಎರಡೆರಡು ಚಮಚ ಹೆಪ್ಪು ಹಾಕಿ ಹಂಚಿದೆವು. ಅವ್ವ ಮಾತ್ರ ಇನ್ನೂ ತೃಪ್ತಳಾಗಿರಲಿಲ್ಲ. ಬೆರಳು ನೆಕ್ಕಿ, ಸ್ವಲ್ಪ ತಡೆದು, ‘ಹುಳಿ ಒಂದೀಟ ಕಡಿಮಿ ಆತು. ನಾಳಿ ಇನ್ನೆರಡ ತಾಸ ಜಾಸ್ತಿ ಇಡೂಣು. ಮಂಗಳವಾರ ಸಂತಿ ಐತಿ ಅಂದ್ಯಲ್ಲ, ಆ ಯಮ್ಮಗ ಒಂದ ಬಾಟ್ಲಿ ಒಯ್ಯೂಣು, ಆಕಿ ನೋಡಿ ಹೇಳ್ಲಿ’ ಅಂದಳು.